ಆಲ್ಬಮ್ಮಿನ ಮಡಿಕೆ, ಅಗಲದ ಮಾನಿಟರು

ನನ್ನ ಮೇಜಿನ ಮೇಲಿರುವ ಮಾನಿಟರನ್ನು ಮೊದಲ ಸಲ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದೇನು ಇಷ್ಟು ಅಗಲ, ಇಷ್ಟು ಕುಳ್ಳು? ಕೆಲಸ ಕಡಿಮೆ ಇದ್ದ ದಿನ ಅವರನ್ನು ಕೂರಿಸಿಕೊಂಡು ಕಥೆ ಹೇಳುತ್ತೇನೆ. ಕೆಲಸ ಇದ್ದ ದಿನ, ಅಂಗಡಿಯವನು ಮೇಲುಗಡೆ ಸ್ವಲ್ಪ ಕತ್ತರಿಸಿ ಇಟ್ಟುಕೊಂಡ ಎಂದು ಹೇಳಿ ಕಳಿಸುತ್ತೇನೆ.

ಹೊಳೆನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಫೋಟೋ ತೆಗೆಯುವವರು ಬೇರೆ, ಪ್ರಿಂಟ್ ಹಾಕುವ ಲ್ಯಾಬಿನವರು ಬೇರೆ. ರಾಶಿ ಫೋಟೋಗಳಲ್ಲಿ ಆರಿಸಿ, ಹಾಳೆಗೆ ಹೊಂದಿಸಿ, ಬಣ್ಣ ತಿದ್ದುವುದು ನನ್ನ ಪಾಲು. ಆಲ್ಬಮ್ ಬಿಚ್ಚಿದಾಗ ಎದುರುಬದುರಿನ ಎರಡು ಪುಟ ಸೇರಿ ಒಂದು ಹಾಳೆ: ಒಂದಡಿ ಎತ್ತರ, ಮೂರಡಿ ಅಗಲ, ಸರಿಯಾಗಿ ನಡುವೆ ಮಡಿಕೆ. ಆ ಮಡಿಕೆಯ ಮೇಲೆ ಯಾರ ಮುಖವೂ ಬರಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ.

ಹನ್ನೆರಡು ವರ್ಷ ಕೆಲಸ ಮಾಡಿದ ಮೇಲೆ ನಾನು ಆ ಮೊದಲ ಪಾಠವನ್ನೇ ಮರೆತೆ. ಹಳೆಯ ಮಾನಿಟರಿನಲ್ಲಿ ಇಡೀ ಹಾಳೆ ಕಾಣುವಂತೆ ಇಟ್ಟರೆ ಮುಖಗಳು ರಾಗಿ ಕಾಳಿನಷ್ಟಾಗುತ್ತಿದ್ದವು. ಹಾಗಾಗಿ ಎಡಗಡೆಯ ಅರ್ಧ ಮುಗಿಸಿ, ಆಮೇಲೆ ಬಲಗಡೆಯ ಅರ್ಧಕ್ಕೆ ಹೋಗುವುದು ರೂಢಿ. ಮಡಿಕೆ ಯಾವಾಗಲೂ ಪರದೆಯ ಅಂಚಿನಲ್ಲಿ ಎಲ್ಲೋ ಇರುತ್ತಿತ್ತು. ನಡುವೆ ಒಂದು ಗೆರೆ ಎಳೆದುಕೊಂಡು ನೋಡಿದ್ದರೆ ಮುಗಿಯುತ್ತಿತ್ತು. ನನಗೆ ಗೊತ್ತಿಲ್ಲದ್ದೇನಿದೆ ಎಂಬ ಜಂಬ, ಎಳೆದುಕೊಳ್ಳಲಿಲ್ಲ.

ಜಂಬ ಇಳಿಸಲು ಅರಕಲಗೂಡಿನಿಂದ ಒಬ್ಬರು ತಾಯಿ ಬಂದರು. ಮಗಳ ಮದುವೆ ಆಲ್ಬಮ್ಮನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಬೈಯಲಿಲ್ಲ. ನೀರು ಕುಡಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಗುಂಪು ಫೋಟೋದ ಹಾಳೆ ಬಿಚ್ಚಿದರು. ನಮ್ಮ ಕಡೆ ಗುಂಪು ಫೋಟೋ ಎಂದರೆ ಮನೆಯ ಹಿರಿಯರನ್ನು ಕುರ್ಚಿ ಹಾಕಿ ನಟ್ಟನಡುವೆ ಕೂರಿಸುತ್ತಾರೆ. ಇಲ್ಲಿ ಕೂತಿದ್ದವರು ಆ ತಾಯಿಯ ತಾಯಿ, ಮದುಮಗಳ ಅಜ್ಜಿ. ಅವರ ಒಂದು ಪಕ್ಕದಲ್ಲಿ ಹೆಣ್ಣು, ಇನ್ನೊಂದು ಪಕ್ಕದಲ್ಲಿ ಗಂಡು ನಿಂತಿದ್ದರು. ಹಿರಿಯರೆಂದು ನಡುವೆ ಕೂತದ್ದಕ್ಕೆ ನಾನು ಅಜ್ಜಿಗೆ ಮಾಡಿದ ಮರ್ಯಾದೆ ಏನೆಂದರೆ, ಹಣೆಯಿಂದ ಗದ್ದದವರೆಗೆ ಮಡಿಕೆ.

"ನಮ್ಮವ್ವಂಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ ಕಣಮ್ಮ," ಎಂದರು ಅವರು. "ಕಣ್ಣು ಕಾಣೋ ನಾವ್ಯಾರೂ ನೋಡ್ನಿಲ್ಲ. ನಾನೆಲ್ಲಿದ್ದೀನಿ ತೋರ್ಸು ಅಂದ್ಳು, ಬೆರಳು ಇಡಿದು ಇಟ್ಟೆ. ಸವರಿ ನೋಡಿ, ಇದ್ಯಾಕವ್ವ ನನ್ ಮಕ ಸೀಳೋಗದೆ ಅಂದ್ಬುಟ್ಲು."

ನನಗೆ ಭೂಮಿಗಿಳಿದು ಹೋಗುವ ಹಾಗಾಯಿತು. ಹೊಸ ಆಲ್ಬಮ್ಮನ್ನೇ ಮಾಡಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟು ಕಳಿಸಿದೆ. ಸಂಜೆಯೇ ಚನ್ನರಾಯಪಟ್ಟಣದಿಂದ ಫೋಟೋಗ್ರಾಫರ್ ಫೋನ್ ಮಾಡಿದ. ನನಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅವನದೇ.

"ಅಕ್ಕ, ಆ ಮನೇಲಿ ಇನ್ನಿಬ್ರು ಎಣ್ಮಕ್ಕಳು ಮದ್ವೆಗವ್ರೆ. ನಾನು ಅವ್ರ ಮುಂದೆ ನಿಂತ್ಕೋಬೇಕು. ಇದೊಂದ್ ಸರಿ ಮಾಡ್ಕೊಡಿ. ಆಗ್ನಿಲ್ಲ ಅಂದ್ರೆ ಮುಂದಿನ್ ಸೀಸನ್‌ಗೆ ಬೇರೆಯೋರ್ನ ನೋಡ್ಕಬೇಕಾಯ್ತದೆ."

ಅವನದು ತಪ್ಪಲ್ಲ. ಆದರೆ ಅವನು ಹೋದರೆ ನನ್ನ ಕೋಣೆಯ ಬಾಗಿಲು ಮುಚ್ಚಿದಂತೆಯೇ. ಮಾರನೆಯ ದಿನ ಹಳೆಯ ಮಾನಿಟರಿನಲ್ಲೇ ಹಾಳೆಯನ್ನು ಎಡಕ್ಕೆ, ಬಲಕ್ಕೆ ಜರುಗಿಸುತ್ತಾ ಕೂತೆ. ನೆಂಟರೆಲ್ಲ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಮಡಿಕೆಯ ಹತ್ತಿರ ಸಂದು ಕಂಡದ್ದು ಒಂದೇ ಕಡೆ, ಅಜ್ಜಿಗೂ ಮದುಮಗಳಿಗೂ ನಡುವೆ. ಅಲ್ಲಿ ಮಡಿಕೆ ಇಟ್ಟರೆ ಹೆಣ್ಣು ಒಂದು ಪುಟಕ್ಕೆ, ಗಂಡು ಇನ್ನೊಂದು ಪುಟಕ್ಕೆ. ಕೇಳಿಯೇಬಿಡೋಣ ಎಂದು ಫೋನ್ ಮಾಡಿದೆ.

"ಗಂಡ ಎಂಡ್ತಿ ಮಧ್ಯೆ ಗೆರೆ ಬ್ಯಾಡ ಕಣಮ್ಮ," ಎಂದರು ಆ ತಾಯಿ. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ನನ್ ಮ್ಯಾಲೇ ಇರ್ಲಿ ಬುಡು ಅನ್ನು. ಮಕದ ತುಂಬ ಅವೆ, ಅದ್ರ ಜೊತ್ಗೆ ಇನ್ನೊಂದು."

ಫೋನ್ ಇಟ್ಟು ಅತ್ತುಬಿಟ್ಟೆ. ತಪ್ಪು ಮಾಡಿದವಳು ನಾನು, ಅದನ್ನು ಮುಖದ ಮೇಲೆ ಹೊರಲು ಒಪ್ಪಿದವರು ನಾನು ಕಂಡೇ ಇರದ ಒಬ್ಬ ಅಜ್ಜಿ. ಇಡೀ ಹಾಳೆಯನ್ನು ಒಟ್ಟಿಗೆ, ಮುಖಗಳು ಮುಖಗಳಂತೆ ಕಾಣುವಷ್ಟು ದೊಡ್ಡದಾಗಿ ನೋಡದೆ ಇನ್ನು ಈ ಕೆಲಸ ಮುಟ್ಟುವುದಿಲ್ಲ ಎಂದು ಆವತ್ತೇ ತೀರ್ಮಾನ ಮಾಡಿದೆ.

ಹಾಸನದ ಅಂಗಡಿಗೆ ನನ್ನ ಅತ್ತೆಯೂ ಜೊತೆಗೆ ಬಂದರು. ಹಸಿರಿನಲ್ಲಿ ಗಿಳಿಹಸಿರು ಯಾವುದು, ಎಲೆಹಸಿರು ಯಾವುದು ಎಂದು ಹತ್ತು ಮಾರು ದೂರದಿಂದ ಹೇಳುವ ಹೆಂಗಸು. ಕೈಯಲ್ಲಿ ಪೆನ್‌ಡ್ರೈವ್, ಪ್ರಿಂಟಾದ ಒಂದು ಹಾಳೆ, ಟೈಲರ್ ಟೇಪು ಇಟ್ಟುಕೊಂಡು ಹೋಗಿದ್ದೆ. ಒಳಗೆ ಹೋದ ಕೂಡಲೇ ನನ್ನ ಕಣ್ಣು ಬಿದ್ದದ್ದು ಮೂವತ್ನಾಲ್ಕು ಇಂಚಿನ ಬಾಗಿದ ಪರದೆಯ ಮೇಲೆ. ಷೋರೂಮಿನ ಹಳೆಯ ಪೀಸಾದ್ದರಿಂದ ಕಡಿಮೆಗೆ ಕೊಡುತ್ತಾರಂತೆ. ಹೇಗೋ ಕೈಗೆಟುಕುವ ಹಾಗಿತ್ತು. ಕೊಂಡೇಬಿಡುತ್ತಿದ್ದೆ.

"ಏನ್ ಕೆಲಸಕ್ಕೆ ಮೇಡಂ?" ಎಂದು ಅಂಗಡಿಯಾತ ಕೇಳಿದರು. ಹೇಳಿದೆ. "ನೋಡೋರು ನೀವೊಬ್ರೇನಾ?"

ಅಲ್ಲ. ಆಲ್ಬಮ್ ನೋಡಲು ಒಂದು ಮನೆಯಿಂದ ಐದಾರು ಜನ ಬರುತ್ತಾರೆ. ಬೆಂಚಿನ ಮೇಲೆ ಸಾಲಾಗಿ ಕೂತು, ಕೊನೆಯಲ್ಲಿರುವವರು ಕತ್ತು ಚಾಚಿ ನೋಡುತ್ತಾರೆ. ಹಾಗೆಂದಾಗ ಆತ, "ಅಂಗಾದ್ರೆ ಇದು ಬೇಡ," ಎಂದುಬಿಟ್ಟರು. ನನ್ನ ಪೆನ್‌ಡ್ರೈವ್ ಹಾಕಿ, ಬಾಗಿದ ಪರದೆಯಲ್ಲೂ, ಪಕ್ಕದಲ್ಲಿದ್ದ ಇಪ್ಪತ್ತೊಂಬತ್ತು ಇಂಚಿನ ಚಪ್ಪಟೆ ಪರದೆಯಲ್ಲೂ ಅದೇ ಹಾಳೆ ತೆರೆದರು. ಅತ್ತೆಗೆ ಓರೆಯಲ್ಲಿ ಒಂದು ಸ್ಟೂಲ್ ಹಾಕಿಸಿದರು. ಅತ್ತೆ ಪ್ರಿಂಟಾದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು.

"ಈ ಡೊಂಕಿಂದ್ರಲ್ಲಿ ಇಲ್ಲಿಂದ ನೋಡುದ್ರೆ ಸೀರೆ ಮಂಕಾಯ್ತದೆ ಕಣವ್ವ. ಅಂಚೂ ಬಾಗ್ದಂಗದೆ. ಆ ಸಣ್ಣದ್ರಲ್ಲಿ ಅರಿಶಿನ ಅರಿಶಿನವಾಗೇ ಅದೆ."

ಟೇಪು ಹಿಡಿದೆ. ಇಪ್ಪತ್ತೊಂಬತ್ತು ಎನ್ನುವುದು ಮೂಲೆಯಿಂದ ಮೂಲೆಗೆ. ಎತ್ತರ ನನ್ನ ಹಳೆಯದಕ್ಕಿಂತ ಅಷ್ಟೇನೂ ಹೆಚ್ಚಿರಲಿಲ್ಲ, ಅಗಲ ಮಾತ್ರ ಒಂದು ಗೇಣು ಜಾಸ್ತಿ. ನನಗೆ ಬೇಕಾಗಿದ್ದದ್ದೂ ಆ ಗೇಣೇ. ಆದರೂ ಆತ ಡಬ್ಬ ಕಟ್ಟಲಿಲ್ಲ. ನನ್ನ ಕಂಪ್ಯೂಟರಿನ ಹಿಂಭಾಗದ ಫೋಟೋ ಬೇಕು, ಹಳೆಯ ಮಷಿನ್ನು ಇಷ್ಟಗಲದ ಚಿತ್ರ ಕೊಡುತ್ತದೋ ಇಲ್ಲವೋ ನೋಡದೆ ಕೊಡುವುದಿಲ್ಲ ಎಂದರು. ಮನೆಯಲ್ಲಿದ್ದ ನಮ್ಮ ಯಜಮಾನರು ಮೇಜಿನ ಕೆಳಗೆ ತೂರಿ, ಧೂಳಿನ ಸಮೇತ ಫೋಟೋ ಕಳಿಸಿದರು. ಅದನ್ನು ನೋಡಿ ಸರಿಯಾದ ಕೇಬಲ್ ಆರಿಸಿಕೊಟ್ಟ ಮೇಲೆಯೇ ಬಿಲ್ಲು. ದುಬಾರಿಯದನ್ನು ಮಾರಬಹುದಾಗಿದ್ದಾಗ ಬೇಡ ಎಂದ ಆ ಮನುಷ್ಯನಿಗೆ ಆವತ್ತು ಸರಿಯಾಗಿ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಈಗಲೂ ನೆನೆಯುತ್ತೇನೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಮಾನಿಟರಿನ ಡಬ್ಬಕ್ಕೆ ಹೋಯಿತು. ಅತ್ತೆ ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

ಮನೆಗೆ ಬಂದು, ಜೋಡಿಸಿ, ಮೊದಲು ತೆರೆದದ್ದು ಅದೇ ಫೋಟೋ, ಫೋಟೋಗ್ರಾಫರ್ ಕೊಟ್ಟಿದ್ದ ಹಾಗೆಯೇ, ಏನೂ ಕತ್ತರಿಸದೆ. ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಒಟ್ಟಿಗೆ ಕಂಡರು. ಮದುಮಗ, ಅವನ ಅಣ್ಣ, ಅಣ್ಣನಾದ ಮೇಲೆ ಬಾಳೆಕಂದು ಕಟ್ಟಿದ ಮಂಟಪದ ಕಂಬ, ಕಂಬದಾಚೆ ಗಂಡಿನ ಕಡೆಯ ನೆಂಟರು, ಅವರಾದ ಮೇಲೆ ಬಲತುದಿಗೆ ಖಾಲಿ ಜಾಗ, ಒಂದು ಸ್ಪೀಕರ್ ಡಬ್ಬ. ಆ ಖಾಲಿ ಜಾಗವನ್ನು ಬೇಡವೆಂದು ಕತ್ತರಿಸಿ ಹಾಕಿದ್ದವಳು ನಾನೇ. ಅಜ್ಜಿ ಮಡಿಕೆಗೆ ಸಿಕ್ಕಿಕೊಂಡದ್ದು ಅದರಿಂದಲೇ. ಖಾಲಿ ಜಾಗವನ್ನು ವಾಪಸ್ ತಂದು, ಫೋಟೋದ ಎಡದಂಚಿನಲ್ಲಿ ಇಳಿಬಿಟ್ಟಿದ್ದ ಬಟ್ಟೆಯನ್ನು ಸ್ವಲ್ಪ ಕತ್ತರಿಸಿದೆ. ಹಾಳೆಯ ನಡುಭಾಗ ಕಂಬಕ್ಕೆ ಬಂತು. ಅಜ್ಜಿ, ಹೆಣ್ಣು, ಗಂಡು ಮೂವರೂ ಒಂದೇ ಪುಟದಲ್ಲಿ. ಸ್ಪೀಕರ್ ಡಬ್ಬ ಮುಚ್ಚುವಂತೆ ಧಾರೆಯೆರೆಯುವ ಕೈಗಳ ಸಣ್ಣ ಚಿತ್ರವೊಂದನ್ನು ಇಟ್ಟೆ. ಇಷ್ಟಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹೊಸ ಆಲ್ಬಮ್ಮನ್ನು ಫೋಟೋಗ್ರಾಫರ್ ಕೈಯಲ್ಲಿ ಕಳಿಸದೆ ನಾನೇ ಅರಕಲಗೂಡಿಗೆ ತೆಗೆದುಕೊಂಡು ಹೋದೆ. ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಅವರ ಮಗಳು, ಅವತ್ತು ಬಸ್ಸಿನಲ್ಲಿ ಬಂದಿದ್ದ ತಾಯಿ, ಕೈ ತೊಳೆಸಿ, ಒರೆಸಿ, ಬೆರಳನ್ನು ಫೋಟೋದ ಮುಖದ ಮೇಲಿಟ್ಟರು. ಅಜ್ಜಿ ಮೇಲಿಂದ ಕೆಳಕ್ಕೆ ಸವರಿದರು, ಅಡ್ಡಡ್ಡ ಸವರಿದರು.

"ಗೆರೆ ಎಲ್ಲಿಗೋಯ್ತು?"

ನಾನು ಅವರ ಬೆರಳು ಹಿಡಿದು, ಮದುಮಗನನ್ನು ದಾಟಿಸಿ, ಅವನ ಅಣ್ಣನನ್ನು ದಾಟಿಸಿ, ಮಡಿಕೆಯ ಮೇಲಿಟ್ಟೆ. "ಕಂಬದ ಮೇಲೆ ಅಜ್ಜಿ, ಬಾಳೆಕಂದಿನ ಮೇಲೆ."

"ಅದುಕ್ಕೇನು ನೋಯಾಕಿಲ್ಲ ಬುಡು," ಎಂದರು ಅಜ್ಜಿ. ಮಗಳು ನಕ್ಕು, ಫೋಟೋಗ್ರಾಫರಿಗೆ ಫೋನ್ ಹಚ್ಚಿ, ಮುಂದಿನ ಹುಡುಗಿಯ ಆಲ್ಬಮ್ಮೂ ಈಯಮ್ಮನೇ ಮಾಡಲಿ ಎಂದು ಹೇಳುತ್ತಾ ಒಳಗೆ ಹೋದರು. ಅಜ್ಜಿ ಇನ್ನೂ ಹಾಳೆಯ ಮೇಲೆ ಕೈಯಾಡಿಸುತ್ತಿದ್ದರು.

"ಇದ್ರಲ್ಲಿ ನೀನೆಲ್ಲಿದ್ದೀಯೆ?"

ನಾನು ಮದುವೆಗೆ ಬಂದಿರಲಿಲ್ಲ, ಮನೆಯಲ್ಲಿ ಕೂತು ಜೋಡಿಸಿದೆ ಅಷ್ಟೇ ಎಂದೆ.

"ಅಂಗಾದ್ರೆ ಇತ್ಲಾಗ್ ಬಾ," ಎಂದು ಅಜ್ಜಿ ಕರೆದರು. ಹತ್ತಿರ ಬಾಗಿದೆ. ಇನ್ನೂ ಹುಣಸೆಯ ವಾಸನೆಯಿದ್ದ ಅದೇ ಬೆರಳಿನಲ್ಲಿ ನನ್ನ ಮುಖವನ್ನು, ಹಣೆಯಿಂದ ಗದ್ದದವರೆಗೆ, ಒಂದು ಸಲ ನಿಧಾನವಾಗಿ ಸವರಿದರು.