ಬುಧವಾರ ಮೂರು ಗಂಟೆಯ ಕರೆ

ಮೊದಲು ಎದೆ ಬಿಗಿಯಿತು. ಗಂಡನಿಗೆ ಸ್ನಾನ ಮಾಡಿಸಿ ಅಂಗಿ ತೊಡಿಸುತ್ತಿದ್ದೆ. ಗೋಡೆ ಹಿಡಿದು ಕೂತೆ. ನನಗೆ ಅರವತ್ತಾರು. ಹೃದಯದ್ದೇ ಇರಬೇಕು ಅಂದುಕೊಂಡೆ.

ಮಗ ಹುಮನಾಬಾದಿನಿಂದ ಬಸವಕಲ್ಯಾಣದ ಆಸ್ಪತ್ರೆಗೆ ಕರೆದೊಯ್ದ. ಇಸಿಜಿ ನಾರ್ಮಲ್. ಎಕೋ ನಾರ್ಮಲ್. ಡಾಕ್ಟರಮ್ಮ ರಿಪೋರ್ಟ್ ಬದಿಗಿಟ್ಟು ಕೇಳಿದರು: "ದಿನಾ ಯಾರ ಕೂಡ ಮಾತಾಡ್ತೀರಿ, ಅಮ್ಮಾ?"

ಮನಸ್ಸಿನಲ್ಲೇ ಎಣಿಸಿ ನೋಡಿದೆ.

ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ದಣಿದು ಬರುವುದು ಸಂಜೆಗೇ. ಉಳಿಯುವವರು ನಾನು ಮತ್ತು ಇವರು. ರಾಜೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟು, ಬಂದ ಗಿರಾಕಿಯನ್ನೆಲ್ಲ ಮಾತಿನಲ್ಲೇ ಕೂರಿಸಿಕೊಳ್ಳುತ್ತಿದ್ದ ಮನುಷ್ಯನಿಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ನಾವು ಆಡುವುದೆಲ್ಲ ಅರ್ಥವಾಗುತ್ತದೆ, ಆಡಲಾಗುವುದಿಲ್ಲ. ಬರಬರುತ್ತ ನಾನೂ ಆಡುವುದನ್ನು ಬಿಟ್ಟಿದ್ದೆ.

ಆಸ್ಪತ್ರೆಯ ಕೌನ್ಸೆಲರ್ ನನ್ನನ್ನು ಫೋನಿನ ಗುಂಪೊಂದಕ್ಕೆ ಸೇರಿಸಿದರು. ಬುಧವಾರ ಮೂರಕ್ಕೆ ಒಂದೇ ಕರೆಯಲ್ಲಿ ಆರು ಜನ, ಎಲ್ಲರೂ ಮನೆಯ ರೋಗಿಯನ್ನು ನೋಡಿಕೊಳ್ಳುವ ವಯಸ್ಸಾದ ಹೆಂಗಸರು. ಮುಖ ಕಾಣದವರಿಗೆ ಏನು ಹೇಳುವುದು? ಎರಡು ವಾರ ಸುಮ್ಮನೆ ಕೇಳಿದೆ. ಮೂರನೆಯ ವಾರ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಮುಡಬಿಯ ಶಾಂತಾಬಾಯಿ, "ಹುಮನಾಬಾದ್ ಅಕ್ಕಾ, ಊಟ ಆಯ್ತೇನ್ರಿ?" ಎಂದಳು.

ಅಷ್ಟೇ ಕೇಳಿದ್ದು. ನನ್ನ ಬಾಯಿ ಹಿಡಿತ ತಪ್ಪಿತು.

"ಇಲ್ಲರಿ. ಇವರಿಗಿ ಉಣಸೋದ್ರಾಗ ನನ್ನ ಹಸಿವಿ ಸತ್ತ ಹೋಗ್ತದ. ಸಾಕಾಗ್ಯಾದ ನನಗ. ಒಮ್ಮೊಮ್ಮಿ ಇವರು ಸ್ಟ್ರೋಕ್ ಆದ ದಿನಾನೇ ಹೋಗಿದ್ರ ಚೊಲೊ ಇತ್ತು ಅನಸ್ತದ."

ಫೋನ್ ಸ್ಪೀಕರಿನಲ್ಲಿತ್ತು. ಇವರು ಪಕ್ಕದ ಮಂಚದಲ್ಲಿ ಎಚ್ಚರವಾಗಿದ್ದರು.

ಆ ವಾರವೆಲ್ಲ ತುತ್ತಿಡುವಾಗ ತಟ್ಟೆಯನ್ನೇ ನೋಡಿದೆ. ತಪ್ಪಾಯಿತು ಎನ್ನಲೂ ಧೈರ್ಯ ಬರಲಿಲ್ಲ. ಮುಂದಿನ ಬುಧವಾರ ಫೋನ್ ರಿಂಗಾಯಿತು. ಎತ್ತಬಾರದೆಂದು ಕೂತೆ. ಇವರು ಎಡಗೈ ಚಾಚಿ, ದಿಂಬಿನ ಬಳಿಯಿದ್ದ ಫೋನನ್ನು ನನ್ನ ಕಡೆ ತಳ್ಳಿದರು.

"ನಾ ಅಂದದ್ದು ನೀವು ಕೇಳೀರಿ, ಹೌದಲ್ಲ?" ಎಂದೆ.

ಹೌದೆಂದು ತಲೆಯಾಡಿಸಿದರು. ಮತ್ತೆ ತಳ್ಳಿದರು.

ಎತ್ತಿದೆ. "ಅಕ್ಕಾ," ಎಂದಳು ಶಾಂತಾಬಾಯಿ, "ನಿಮ್ಮ ಮಾತು ಕೇಳಿ ಅವತ್ತು ನಾ ಅಳಾಕತ್ತಿದ್ದೆ. ನನಗೂ ಹಂಗೇ ಅನಸ್ತದರಿ. ಹೇಳಾಕ ಅಂಜಿಕಿ."

ಕೆಲಸ ಕಡಿಮೆಯಾಗಿಲ್ಲ. ಎದೆ ಈಗಲೂ ಒಮ್ಮೊಮ್ಮೆ ಬಿಗಿಯುತ್ತದೆ. ಆದರೆ ಕರೆ ಮುಗಿದ ಮೇಲೆ ಮಂಚದ ಅಂಚಿಗೆ ಕೂತು, ಮುಡಬಿಯಲ್ಲಿ ತೊಗರಿ ಹೂ ಬಿಟ್ಟ ಸುದ್ದಿ, ಮಳೆ ತಪ್ಪಿದ ಸುದ್ದಿ ಇವರಿಗೆ ಹೇಳುತ್ತೇನೆ. ಕಣ್ಣು ಮುಚ್ಚಿ ಕೇಳುತ್ತಾರೆ. ನಿದ್ದೆ ಬಂತೇನೋ ಎಂದು ನಡುವೆ ನಿಲ್ಲಿಸಿದರೆ, ಕಣ್ಣು ತೆರೆದು ಕಾಯುತ್ತಾರೆ.