ಅದು ಅಣಬೆ, ಟೀಚರ್

ಈ ಸಂಗತಿಯನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ, ಒಮ್ಮೆ ಮಂಡಿ ನೋವು ಎಂದುಕೊಂಡೆ. ಕನ್ನಡಕ ಬದಲಾಗಿ ವರ್ಷಗಳಾದವು. ಮಂಡಿಯನ್ನೂ ಡಾಕ್ಟರು ಬದಲಾಯಿಸಿಕೊಟ್ಟರು. ಇನ್ನು ಇದನ್ನೆಲ್ಲ ಯಾರು ಓದುತ್ತಾರೆ ಎಂಬ ನೆಪವೊಂದು ಉಳಿದಿತ್ತು. ಅದೂ ಹೋದ ಶನಿವಾರ ಇಲ್ಲಿ ಟೆಕ್ಸಾಸ್‌ನ ಕ್ಯಾರಲ್ಟನ್‌ನಲ್ಲಿ, ಒಂದು ಚೀನೀ ಅಂಗಡಿಯಲ್ಲಿ ಕೈಬಿಟ್ಟುಹೋಯಿತು.

ಮಗಳು ಸೊಪ್ಪು, ಎಳೆ ಬದನೆಕಾಯಿಗೆಂದು ವಾರಕ್ಕೊಮ್ಮೆ ಆ ಚೀನೀ ಅಂಗಡಿಗೆ ಹೋಗುತ್ತಾಳೆ. ಗಾಡಿ ತಳ್ಳುವ ಕೆಲಸ ನನ್ನದು. ಊರುಗೋಲಿಗಿಂತ ಅದರಲ್ಲಿ ಮರ್ಯಾದೆ ಹೆಚ್ಚು. ಆವತ್ತು ಮೊಮ್ಮಗಳು ಇಂಚರಳೂ ಜೊತೆಗಿದ್ದಳು. ಮೀನಿನ ತೊಟ್ಟಿಗಳನ್ನು ಉಸಿರು ಬಿಗಿಹಿಡಿದು ದಾಟಿ ತಿರುಗಿದರೆ ದೊಡ್ಡ ದೊಡ್ಡ ಡಬ್ಬಗಳಲ್ಲಿ ಒಣಗಿಸಿದ ಕಪ್ಪು ಅಣಬೆ. ಯಾರೋ ಮುಚ್ಚಳ ತೆಗೆದಿದ್ದರು. ಒದ್ದೆ ಮಣ್ಣು, ಹೊಗೆ, ಹಳೆಯ ಮರದ ಪೆಟ್ಟಿಗೆ ಎಲ್ಲ ಸೇರಿದಂಥ ವಾಸನೆ. ನಾನು ಗಾಡಿಯನ್ನು ದಾರಿಗೆ ಅಡ್ಡವಾಗಿ ಬಿಟ್ಟು ನಿಂತುಬಿಟ್ಟೆ.

"ತಾತ, ಆರ್ ಯು ಓಕೆ?" ಎಂದಳು ಇಂಚರ. ನಾನು ನೋಡುತ್ತಿದ್ದ ಕಡೆ ಅವಳೂ ನೋಡಿದಳು. "ಇಟ್ಸ್ ಜಸ್ಟ್ ಮಶ್ರೂಮ್ಸ್."

ಹೌದು, ಬರೀ ಅಣಬೆ. ವರ್ಷಗಳ ಹಿಂದೆ ಒಂದು ದಿನ ನಾನೂ ಅಷ್ಟು ಒಪ್ಪಿಕೊಂಡಿದ್ದರೆ ಸಾಕಿತ್ತು.

ನಾನು ಹೆಚ್ಚು ಓದಿದವನಲ್ಲ. ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿದ್ದೇ ಕೊನೆ. ಆಮೇಲಿನ ಇಂಗ್ಲಿಷೆಲ್ಲ ಹೂಸ್ಟನ್‌ನಲ್ಲಿ, ಹೆದ್ದಾರಿ ಪಕ್ಕದ ಮೋಟೆಲೊಂದರ ಕೌಂಟರಿನ ಹಿಂದೆ ನಿಂತು ಕಲಿತದ್ದು. ಹೆಂಡತಿ ತೀರಿಹೋದ ಮೇಲೆ, ಆಗಿನ್ನೂ ಆಸ್ಟಿನ್‌ನಲ್ಲಿದ್ದ ಮಗಳ ಮನೆ ಸೇರಿದೆ. ಹಗಲು ಕಳೆಯಲಿ ಎಂದು ಅಲ್ಲಿನ ಲೈಬ್ರರಿಯಲ್ಲಿ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಮಾತು ಕಲಿಸಲು ಕೂರುತ್ತಿದ್ದೆ. ಅಲ್ಲಿ ಪರಿಚಯವಾದ ಕೆಲವರು ಚೀನಾದ ಶಾಲೆಗಳಲ್ಲಿ ಒಂದು ವರ್ಷ ವಾಲಂಟಿಯರ್ ಆಗಿ ಕಲಿಸಲು ಹೊರಟಿದ್ದರು. ಡಿಗ್ರಿ ಬೇಡ, ಮಕ್ಕಳ ಜೊತೆ ಬಾಯ್ತುಂಬ ಮಾತಾಡಿದರೆ ಸಾಕು ಎಂದರು. ಟೀಚರ್ ಎಂದು ಕರೆಸಿಕೊಳ್ಳುವ ಆಸೆ ನನಗೂ ಇತ್ತು. ಹೊರಟುಬಿಟ್ಟೆ.

ನನಗೆ ಸಿಕ್ಕಿದ್ದು ಬೆಟ್ಟಗಳ ನಡುವಿನ ಒಂದು ಸಣ್ಣ ಊರು, ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಹಡಿ. ಎಲ್ಲಿ ಹೋದರೂ ಕುಡಿಯಲು ಬಿಸಿನೀರು ಕೊಡುತ್ತಿದ್ದರು, ಬೇಸಿಗೆಯಲ್ಲೂ. ಐಸ್ ಕೇಳಿದರೆ ಹೊಟ್ಟೆನೋವೇ ಎಂಬಂತೆ ಮುಖ ನೋಡುತ್ತಿದ್ದರು. ಬೆಳಿಗ್ಗೆ ನನ್ನ ವಯಸ್ಸಿನವರೆಲ್ಲ ಮೈದಾನದಲ್ಲಿ ಹಾಡು ಹಾಕಿಕೊಂಡು ಸಾಲಾಗಿ ಕುಣಿಯುತ್ತಿದ್ದರು. ನಾನೂ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರೂ ಎಡಕ್ಕೆ ಹೋದಾಗ ಬಲಕ್ಕೆ ಹೋಗುತ್ತಿದ್ದೆ. ಮೆಟ್ಟಿಲಲ್ಲಿ ಎದುರಾದ ಮುದುಕಿ ದಿನವೂ ಒಂದೇ ಮಾತು ಕೇಳುತ್ತಿದ್ದಳು. ಅದರ ಅರ್ಥ "ಊಟ ಆಯ್ತಾ?" ಎಂದು ತಿಳಿದ ದಿನ ಆ ಊರು ನನಗೆ ಅರ್ಧ ಮೈಸೂರಾಯಿತು. ಇನ್ನು ನನ್ನ ಪಾಠವೋ, ಮೋಟೆಲಿನದೇ. ಇಡೀ ತರಗತಿ ಒಂದೇ ದನಿಯಲ್ಲಿ "ಚೆಕ್‌ಔಟ್ ಈಸ್ ಅಟ್ ಇಲೆವೆನ್, ಮೇಡಂ" ಎನ್ನುವುದನ್ನು ನೀವು ಕೇಳಬೇಕಿತ್ತು.

ಹೊಂದಿಕೆಯಾಗದೆ ಉಳಿದದ್ದು ಊಟವೊಂದೇ. ನಾನು ಮಾಂಸ ಮುಟ್ಟುವವನಲ್ಲ. ಬ್ರೆಡ್ಡು, ಕಡಲೆಕಾಯಿ ತಿಂದುಕೊಂಡು ಪ್ಯಾಂಟು ಜಾರುವಷ್ಟು ಇಳಿದೆ. ಹೆಡ್‌ಮಾಸ್ಟರಿಗೆ ಗಾಬರಿಯಾಯಿತು. ಆಗ ಆ ಶಾಲೆಯ ಇಂಗ್ಲಿಷ್ ಟೀಚರ್ ಒಬ್ಬರು, "ಇವರ ಊಟ ನನಗೆ ಬಿಡಿ" ಎಂದು ಮುಂದೆ ಬಂದರು. ಆಕೆಯ ಹೆಸರು ಹೇಳಲು ನನಗಿನ್ನೂ ನಾಲಿಗೆ ಏಳುತ್ತಿಲ್ಲ. ಸದ್ಯಕ್ಕೆ ಟೀಚರಮ್ಮ ಎನ್ನುತ್ತೇನೆ.

ಟೀಚರಮ್ಮನಿಗೆ ನಲವತ್ತರ ಆಸುಪಾಸು. ಇಂಗ್ಲಿಷ್ ಬರೆಯುವುದರಲ್ಲಿ ನನಗಿಂತ ಎಷ್ಟೋ ಮೇಲು, ಬಾಯಿ ಬಿಡಲು ಮಾತ್ರ ಸಂಕೋಚ. ಮಾತು ರೂಢಿಯಾಗಲಿ ಎಂದು ತಮ್ಮ ಬಿಡುವಿನಲ್ಲಿ ನನ್ನ ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಕೂರುತ್ತಿದ್ದರು. "ಹೌಡಿ, ಟೀಚರ್" ಎಂದು ನಾನು ಕಲಿಸಿದ ಟೆಕ್ಸಾಸ್ ನಮಸ್ಕಾರ ಹೇಳಿ ತಾವೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನನ್ನ ಊಟವನ್ನು ಅವರೊಂದು ವ್ರತದಂತೆ ಹಿಡಿದರು. ಬೆಳ್ಳುಳ್ಳಿ ಆಗುತ್ತಾ, ಮೊಟ್ಟೆ ಆಗುತ್ತಾ, ಹಂದಿಯ ಕೊಬ್ಬಿನಲ್ಲಿ ಹುರಿದ ಸೊಪ್ಪು ಆಗುತ್ತಾ ಎಂದು ಬಿಡಿಸಿ ಬಿಡಿಸಿ ಕೇಳಿದರು. ಒಂದು ದಿನ ಹೊಸ ಬಾಣಲೆಯೊಂದನ್ನು ಶಾಲೆಗೇ ಹೊತ್ತು ತಂದು ತೋರಿಸಿದರು. "ನೋಡಿ ಟೀಚರ್, ಇದು ನಿಮ್ಮದು. ಇದರೊಳಗೆ ಮಾಂಸ ಬೀಳಲ್ಲ."

ಚಳಿಗಾಲದ ರಜೆಗೆ ಮುಂಚೆ ಮನೆಗೆ ಮಧ್ಯಾಹ್ನದ ಊಟಕ್ಕೆ ಕರೆದರು. ದುಂಡು ಮೇಜಿನ ಸುತ್ತ ಟೀಚರಮ್ಮನ ಗಂಡ, ಅತ್ತೆ, ಹೆಡ್‌ಮಾಸ್ಟರು, ನಾನು. ನನ್ನ ಮುಂದೆಯೇ ಅಣಬೆಯ ಪಲ್ಯ. ಟೀಚರಮ್ಮ ತಿನ್ನುತ್ತಿದ್ದವರು, ಬಾಯಿಂದ ಆಗತಾನೇ ತೆಗೆದ ಊಟದ ಕಡ್ಡಿಗಳಿಂದಲೇ ಆ ತಟ್ಟೆಯಲ್ಲಿ ದೊಡ್ಡದೊಂದು ಅಣಬೆ ಹುಡುಕಿ, ನನ್ನ ಬಟ್ಟಲಿನ ಅನ್ನದ ಮೇಲಿಟ್ಟರು.

ಎಂಜಲು. ಆ ಒಂದು ಪದ ನನ್ನ ತಲೆಯೊಳಗೆ ಎದ್ದು ನಿಂತಿತು. ಬಾಯಿಗೆ ತಗುಲಿದ ಚಮಚ ಪಾತ್ರೆಗೆ ತಾಕಿದರೆ ಇಡೀ ಪಾತ್ರೆಯ ಸಾರನ್ನು ಚೆಲ್ಲಿಸುತ್ತಿದ್ದ ಅಮ್ಮನ ಕೈಯಲ್ಲಿ ಬೆಳೆದವನು ನಾನು. ಹಾಗೆಂದು ಆಚಾರವಂತನೇನಲ್ಲ. ಮೋಟೆಲಿನಲ್ಲಿ ಯಾರು ಯಾರೋ ಕೈಯಾಡಿಸಿದ ಡೋನಟ್ ಪೆಟ್ಟಿಗೆಗೆ ನಾನೂ ಕೈ ಹಾಕಿದವನೇ. ಚೀನಾದವರು ಹಾಗೆ ತಮ್ಮ ಕಡ್ಡಿಯಿಂದ ಬಡಿಸುವುದು ತೀರ ಬೇಕಾದವರಿಗೆ ಮಾತ್ರ ಎಂಬುದೂ ಗೊತ್ತಿತ್ತು. ನನ್ನ ವಿದ್ಯಾರ್ಥಿಗಳೇ ಹೇಳಿದ್ದರು. ಗೊತ್ತಿದ್ದೂ ಕೈ ಏಳಲಿಲ್ಲ. ಎಲ್ಲರೂ ನನ್ನ ಬಟ್ಟಲನ್ನೇ ನೋಡುತ್ತಿದ್ದರು.

ಹೊಟ್ಟೆ ತುಂಬಿತು ಎನ್ನಬಹುದಿತ್ತು. ನಮ್ಮ ಕಡೆ ಹೀಗೊಂದು ಅಭ್ಯಾಸ ಎಂದು ಇದ್ದದ್ದನ್ನೇ ಹೇಳಬಹುದಿತ್ತು. ಅವರು ನಕ್ಕು ಬೇರೆ ಬಡಿಸುತ್ತಿದ್ದರು. ಆದರೆ ಅಮೆರಿಕದಿಂದ ಬಂದ ಟೀಚರ್ ಹಳೇಕಾಲದವನಂತೆ ಕಾಣಬಾರದಲ್ಲ. ಬಟ್ಟಲನ್ನು ಆಚೆ ಸರಿಸಿ ಹೇಳಿದೆ:

"ಇದರಲ್ಲಿ ಮಾಂಸ ಇದೆ ಅನ್ಸುತ್ತೆ."

ಹೆಡ್‌ಮಾಸ್ಟರು ಕಡ್ಡಿಗಳನ್ನು ಕೆಳಗಿಟ್ಟರು. ಗಂಡ ನನ್ನ ಮಾತನ್ನು ಅತ್ತೆಗೆ ತಿಳಿಸಿದರು. ಅತ್ತೆ ಏನೋ ಅಂದರು. ನನಗೆ ಭಾಷೆ ಬಾರದು, ಆದರೆ ಸೊಸೆಗೆ ಅನ್ನುವ ಮಾತಿನ ಧಾಟಿ ತಿಳಿಯಲು ಭಾಷೆ ಬೇಕಿಲ್ಲ.

"ಅದು ಅಣಬೆ, ಟೀಚರ್" ಎಂದರು ಟೀಚರಮ್ಮ, ಮೆಲ್ಲಗೆ.

"ಇರಬಹುದು. ಆದರೂ..." ಎಂದೆ.

ಆ "ಆದರೂ" ಎಂಬುದನ್ನು ಇಷ್ಟು ವರ್ಷ ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ. ಆಕೆ ಎದ್ದು ನನ್ನ ಬಟ್ಟಲು ತೆಗೆದುಕೊಂಡು ಒಳಗೆ ಹೋದರು. ಬೇರೆ ಬಟ್ಟಲಿನಲ್ಲಿ ಬರೀ ಅನ್ನ ತಂದಿಟ್ಟರು. ಅಡುಗೆಮನೆಯ ಗೋಡೆಗೆ ಆ ಹೊಸ ಬಾಣಲೆ ನೇತುಹಾಕಿದ್ದು ನಾನು ಕೂತಲ್ಲಿಗೇ ಕಾಣುತ್ತಿತ್ತು.

ರಜೆ ಮುಗಿದ ಮೇಲೆ ನನ್ನ ಊಟದ ಹೊಣೆಯನ್ನು ಹೆಡ್‌ಮಾಸ್ಟರು ಬೇರೊಬ್ಬರಿಗೆ ಕೊಟ್ಟರು. ಅತಿಥಿಗೆ ತಿಳಿಯದಂತೆ ಮಾಂಸ ಬೆರೆಸಿದರು ಎಂದು ಸ್ಟಾಫ್‌ ರೂಮಿನಲ್ಲಿ ಮಾತಾಯಿತಂತೆ. ನನ್ನನ್ನೇ ಒಬ್ಬರು ಕೇಳಿದರು, "ನಿಜವಾ?" ನಾನು ಭುಜ ಕುಣಿಸಿದೆ. ಮೇಜಿನ ಮುಂದೆ ಗಾಬರಿಯಲ್ಲಿ ಸುಳ್ಳು ಬಂತು ಎನ್ನಬಹುದು. ಇದಕ್ಕೆ ಏನೆನ್ನಲಿ? ಟೀಚರಮ್ಮ ಮತ್ತೆ ನನ್ನ ತರಗತಿಗೆ ಬರಲಿಲ್ಲ. ಕೊನೆಯ ಬೆಂಚಿನ ಆ ಜಾಗದಲ್ಲಿ ಮಕ್ಕಳು ಚೀಲ ಇಡತೊಡಗಿದರು.

ನಾನು ಊರು ಬಿಡುವ ದಿನ ಬಸ್ ನಿಲ್ದಾಣಕ್ಕೆ ಆಕೆ ಬಂದಿದ್ದರು. ಒಂದು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಒಣ ಅಣಬೆ. ಮನೆಗೆ ಹೋಗಿ ನೀವೇ ನೆನೆಹಾಕಿ ನೋಡಿ, ಟೀಚರ್."

ಬಸ್ಸು ಹೊರಡಲು ಸಾಕಷ್ಟು ಹೊತ್ತಿತ್ತು. ನಾನು ಥ್ಯಾಂಕ್ಯೂ ಎಂದೆ, ಅಷ್ಟೇ. ಅಮೆರಿಕದ ಕಸ್ಟಮ್ಸ್‌ನವರು ಬಿಡಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ವಿಮಾನ ಹತ್ತುವ ಮೊದಲೇ ಆ ಪೊಟ್ಟಣವನ್ನು ಕಸದ ಡಬ್ಬಕ್ಕೆ ಹಾಕಿದೆ.

ಹೋದ ಶನಿವಾರ ಅಂಥದೇ ಅಣಬೆಯನ್ನು ಕೊಂಡು ತಂದೆ. ಬಿಸಿನೀರಲ್ಲಿ ನಾನೇ ನೆನೆಹಾಕಿದೆ. ಮಗಳು ಒಗ್ಗರಣೆ ಕೊಟ್ಟು ಹುರಿದಳು. ಇಂಚರ ಒಂದನ್ನು ಅರ್ಧ ಕಚ್ಚಿ, ರುಚಿಗೆ ಕಣ್ಣರಳಿಸಿ, ಉಳಿದರ್ಧವನ್ನು ನನ್ನ ತಟ್ಟೆಗೆ ಹಾಕಿದಳು. "ತಾತ, ಟ್ರೈ ದಿಸ್."

"ಏ, ಎಂಜಲು ಮಾಡಿ ತಾತಂಗೆ ಹಾಕ್ತೀಯಾ?" ಎಂದು ಮಗಳು ಗದರಿದಳು.

"ಬಿಡಮ್ಮ" ಎಂದು ಬಾಯಿಗಿಟ್ಟುಕೊಂಡೆ. ಅದು ಅಣಬೆಯೇ. ಮೊಮ್ಮಗಳ ಎಂಜಲು ತಿಂದದ್ದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಅದು ಯಾವ ಅಜ್ಜನಿಗೂ ಆಗುತ್ತದೆ. ಆದರೆ ಅಗಿಯುತ್ತ ಅಗಿಯುತ್ತ ಇಷ್ಟನ್ನೂ ಅವರಿಬ್ಬರಿಗೆ ಹೇಳಿಬಿಟ್ಟೆ. ಮಗಳು ಒಲೆಯ ಕಡೆ ತಿರುಗಿ ನಿಂತಳು. ಇಂಚರ, "ಡಿಡ್ ಯು ಸೇ ಸಾರಿ?" ಎಂದಳು.

"ಇಲ್ಲ ಪುಟ್ಟಿ."

"ವಾಟ್ ವಾಸ್ ಹರ್ ನೇಮ್?"

ಈ ಮನೆಯಲ್ಲಿ ನಾನು ಎಂದೂ ಆಡದ ಹೆಸರು. ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದೆ.

ಚೆನ್ ಶೂಲಾನ್.