ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಅಮೆರಿಕದ ಬರ್ಕ್ಲಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿ ನನ್ನ ಗೆಳತಿ ಇದ್ದಳು. ಮೈಸೂರಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಇತಿಹಾಸದ ಎಂ.ಎ. ಮಾಡಿದವರು. ಮೊದಲ ರ‍್ಯಾಂಕು ನನ್ನದು, ಎರಡನೆಯದು ಅವಳದು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಅವಳು ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಗಂಡನ ವೀಸಾದ ಬಾಲ ಹಿಡಿದು ಬಂದು ಅವಳ ಪೇಪರುಗಳನ್ನು ಟೈಪು ಮಾಡಿಕೊಡುತ್ತಿದ್ದೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯುತ್ತಿತ್ತು, ಧಗಧಗ ಅಂತ.

ಅವಳ ವಿಷಯವೋ, ಹಳೇ ಕಾಲದ ಇಂಗ್ಲೆಂಡಿನ ಹಳ್ಳಿಗಳ ಮಾಟಮಂತ್ರ. ಬಡ ಮುದುಕಿಯೊಬ್ಬಳು ಪಕ್ಕದ ಮನೆಗೆ ಹೋಗಿ ಚೂರು ಬೆಣ್ಣೆ ಕೇಳುತ್ತಾಳೆ. ಮನೆಯಾಕೆ ಇಲ್ಲ ಅನ್ನುತ್ತಾಳೆ. ಮುದುಕಿ ಗೊಣಗುತ್ತಾ ಹೋಗುತ್ತಾಳೆ. ಮರುದಿನ ಎಷ್ಟು ಕಡೆದರೂ ಬೆಣ್ಣೆ ಬರುವುದಿಲ್ಲ. ಸರಿ, ಮುದುಕಿಯೇ ಮಾಟಗಾತಿ! ಇದಕ್ಕೆ ಸ್ಕಾಲರ್‌ಶಿಪ್ಪು ಬೇರೆ. ನಮ್ಮಜ್ಜಿಯನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದಳು ಅಂದುಕೊಳ್ಳುತ್ತಾ ಟೈಪ್‌ರೈಟರು ಕುಟ್ಟುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಗೆಳತಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. "ಸೋಮವಾರ ಡಿಪಾರ್ಟ್‌ಮೆಂಟಲ್ಲಿ ನನ್ನ ಪೇಪರು ಓದ್ತೀನಿ ಕಣೇ! ಎಲ್ಲಾ ಪ್ರೊಫೆಸರುಗಳೂ ಬರ್ತಾರೆ. ಸ್ವಲ್ಪ ಹೆಪ್ಪು ಕೊಡೇ, ಗ್ರೋಸರಿ ಅಂಗಡಿ ಯೋಗರ್ಟು ಹಾಕಿದ್ರೆ ಮೊಸರೇ ಆಗಲ್ಲ."

ಫ್ರಿಜ್ಜಿನಲ್ಲಿ ಪಾತ್ರೆ ತುಂಬ ಮೊಸರಿತ್ತು. "ದೀಪ ಹಚ್ಚಾಯ್ತು. ಈಗ ಹೆಪ್ಪು ಕೊಡಬಾರದು," ಅಂದೆ. ಅಮೆರಿಕಕ್ಕೆ ಬಂದ ಮೇಲೆ ನನಗೆ ಆ ಶಾಸ್ತ್ರ ನೆನಪಾಗಿದ್ದು ಅದೇ ಮೊದಲು. ಅವಳು ಏನೋ ಗೊಣಗಿಕೊಂಡು ಮೆಟ್ಟಿಲು ಹತ್ತಿದಳು.

ಶನಿವಾರ ನಾನು ಹೆಪ್ಪು ಹಾಕಿದ ಹಾಲು ಮೊಸರಾಗಲಿಲ್ಲ. ಭಾನುವಾರವೂ ಇಲ್ಲ, ಬರೀ ಲೋಳೆ. ಇವಳದೇ ಕಣ್ಣು ಅಂದುಕೊಂಡೆ. ಉಪ್ಪು, ಒಣಮೆಣಸಿನಕಾಯಿ ನನಗೆ ನಾನೇ ನಿವಾಳಿಸಿಕೊಂಡು ಕಾದ ಬಾಣಲೆಗೆ ಹಾಕಿದೆ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರೆ. ಅಬ್ಬಬ್ಬಾ, ಅದೇನು ಘಾಟು! ಹೊಗೆಯ ಅಲಾರಾಂ ಬಡಿದುಕೊಂಡಿತು. ಮೇಲಿನಿಂದ ಅವಳೇ ಓಡಿಬಂದು ಟವೆಲ್ ಬೀಸಿ ಅದರ ಬಾಯಿ ಮುಚ್ಚಿಸಿದಳು.

"ದೃಷ್ಟಿ ತೆಗೀತಿದ್ಯಾ? ನಂಗೂ ತೆಗಿಯೇ. ನಾಳೇನೇ ಪೇಪರು ಓದೋದು. ಅಲ್ಲಿ ಯಾರ ಕಣ್ಣಿದ್ಯೋ ಏನೋ."

ಬೇಡ ಅನ್ನಲು ಈ ಸಲ ಯಾವ ಶಾಸ್ತ್ರವೂ ಹೊಳೆಯಲಿಲ್ಲ. ಅವಳು ಕಣ್ಣು ಮುಚ್ಚಿ ಕೂತಳು. "ನಾಯಿ ಕಣ್ಣು, ನರಿ ಕಣ್ಣು, ಊರ ಕಣ್ಣು..." ಅಂತ ಮೂರು ಸುತ್ತು ನಿವಾಳಿಸಿದೆ. ನೆರೆಮನೆ ಕಣ್ಣು ಅನ್ನುವಾಗ ನಾಲಿಗೆ ತೊದಲಿತು. ಅದೇ ಬಾಣಲೆ, ಅದೇ ಪೊಟ್ಟಣದ ಮೆಣಸಿನಕಾಯಿ. ಸುಟ್ಟು ಕರಕಲಾದವು, ಇಬ್ಬರಿಗೂ ಒಂದು ಸೀನೂ ಬರಲಿಲ್ಲ.

"ಅಯ್ಯಯ್ಯೋ, ಎಷ್ಟು ದೃಷ್ಟಿ ಆಗಿತ್ತು ನೋಡೇ! ಯಾರದಿರಬಹುದು?"

"ನಂದು ಕಣೇ," ಅಂದುಬಿಟ್ಟೆ. "ಹೆಪ್ಪು ಇತ್ತು, ಕೊಡಲಿಲ್ಲ. ನಿನ್ನ ಕಂಡರೆ ಹೊಟ್ಟೆಕಿಚ್ಚು ನಂಗೆ."

ನಕ್ಕುಬಿಡುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ನನ್ನ ಪೇಪರಲ್ಲಿ ಏನೂ ಮಾಡಿಲ್ಲ ತಾನೇ?"

ಇಲ್ಲ ಅಂದೆ, ದೇವರಾಣೆ ಅಂದೆ. ಅವಳು ಮೇಜಿನ ಮೇಲೆ ನಾನು ಟೈಪು ಮಾಡಿ ಜೋಡಿಸಿಟ್ಟಿದ್ದ ಹಾಳೆಗಳನ್ನು ಎಳೆದುಕೊಂಡು, ನನ್ನೆದುರೇ, ಮೊದಲ ಸಾಲಿನಿಂದ ಓದತೊಡಗಿದಳು.